ಬಾಕಿಯೇ ಬಂಡವಾಳ

ಹಾಸನದಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಒಂದು ಪದ್ಧತಿ ಚೆನ್ನಾಗಿ ಗೊತ್ತು. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರು ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಮೊತ್ತ ಗೀಚಿ, ‘ಇಳಿಯೋವಾಗ ಇಸ್ಕೊಳ್ಳಿ’ ಎಂದು ಮುಂದಿನ ಸೀಟಿಗೆ ಹೋಗುತ್ತಿದ್ದರು. ಆ ಗೀಚಿಗೆ ಬಸ್ಸಿನ ಹೊರಗೆ ಕಾಸಿನ ಬೆಲೆಯಿಲ್ಲ. ಬಸ್ಸಿಳಿದು ಹತ್ತು ಹೆಜ್ಜೆ ನಡೆದ ಮೇಲೆ ಅದು ಬರಿಯ ಕಾಗದ. ಆದರೆ ಬಸ್ಸಿನ ಒಳಗೆ, ಊರು ಬರುವವರೆಗೆ, ಅದು ದುಡ್ಡು. ಕೆಲವು ಸಲ ಕಂಡಕ್ಟರು ಇಬ್ಬರು ಪ್ರಯಾಣಿಕರ ಬಾಕಿ ಸೇರಿಸಿ ಒಂದೇ ನೋಟು ಕೊಟ್ಟು, ‘ಇಬ್ಬರೂ ಹಂಚ್ಕೊಳ್ಳಿ’ ಎನ್ನುತ್ತಿದ್ದರು. ಪರಿಚಯವೇ ಇಲ್ಲದ ಇಬ್ಬರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ನಿಂತು ಲೆಕ್ಕ ತೀರಿಸಿಕೊಳ್ಳುತ್ತಿದ್ದರು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿದೆ, ಉಳಿದವರ ಕೈಯಲ್ಲಿ ಫೋನಿದೆ. ಗೀಚುವ ಸಂದರ್ಭ ಕಡಿಮೆಯಾಗಿದೆ.

ನೋಟಿನ ಬದಲಿಗೆ ನಡೆಯುವ ಪರ್ಯಾಯ ಹಣದ ಬಗ್ಗೆ ಕೇಳಬೇಕಾದ ಮೂರು ಪ್ರಶ್ನೆಗಳೂ ಆ ಟಿಕೆಟ್ಟಿನ ಬೆನ್ನ ಮೇಲಿವೆ. ಬರೆದವರು ಯಾರು? ಒಪ್ಪುವವರು ಯಾರು? ಎಷ್ಟು ಹೊತ್ತು ನಡೆಯುತ್ತದೆ? ನಮ್ಮ ಹಾಸನ ಜಿಲ್ಲೆಯಂಥ ಕಡೆ ನಡುಗಾತ್ರದ ಉದ್ದಿಮೆಗಳು ಬೆಳೆಯುವುದಕ್ಕೂ ಸೊರಗುವುದಕ್ಕೂ ಈ ಮೂರು ಪ್ರಶ್ನೆಗಳಿಗೂ ಹತ್ತಿರದ ಸಂಬಂಧವಿದೆ ಎಂಬುದು ಈ ಹೊತ್ತು ನಾನು ನಿಮ್ಮ ಮುಂದಿಡಬೇಕೆಂದಿರುವ ಮಾತು.

ನೋಟು ಬರುವ ಮೊದಲು ಹಳ್ಳಿಯಲ್ಲಿ ವ್ಯವಹಾರ ಹೇಗಿತ್ತು ಎಂದರೆ ಎಲ್ಲರೂ ‘ಕಾಳು ಕೊಟ್ಟು ಉಪ್ಪು ತರೋರು’ ಎನ್ನುತ್ತಾರೆ. ಅದು ಅರ್ಧ ನಿಜ. ಹೆಚ್ಚಿನ ವ್ಯವಹಾರ ನಡೆಯುತ್ತಿದ್ದುದು ಬಾಕಿಯ ಮೇಲೆ. ಕಮ್ಮಾರ ವರ್ಷವಿಡೀ ಗುಳ ತಟ್ಟಿಕೊಡುತ್ತಿದ್ದ, ಬಡಗಿ ನೇಗಿಲು ಮಾಡಿಕೊಡುತ್ತಿದ್ದ, ಅಗಸ ಬಟ್ಟೆ ಒಗೆಯುತ್ತಿದ್ದ. ಯಾರೂ ಆಗಿಂದಾಗ್ಗೆ ಕೂಲಿ ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿ ಅಳೆಯುವಾಗ ಅವರವರ ಆಯ, ಎಂದರೆ ಪಾಲು, ಅವರವರಿಗೆ ಸಲ್ಲುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ರಾಶಿ ಹಂಚಿಕೆಯನ್ನು ಕೊಳಗ, ಸೇರಿನ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದಾನೆ. ನಾಟಿ, ಕೊಯ್ಲಿಗೆ ಮುಯ್ಯಾಳು: ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಟ್ಟ ಪುಸ್ತಕ ಇಂದಿಗೂ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿದೆ.

ಇದನ್ನು ಹೇಳುವಾಗ ಬಾಯಿ ಚಪ್ಪರಿಸುವವರಿದ್ದಾರೆ. ನನಗೆ ಅಷ್ಟು ಉತ್ಸಾಹವಿಲ್ಲ. ಆಯಗಾರನ ಪಾಲು ಎಷ್ಟೆಂದು ನಿಗದಿ ಮಾಡುತ್ತಿದ್ದವನು ಆಯಗಾರನಲ್ಲ. ಅವನ ಜಾತಿ ಅವನ ಕಸುಬನ್ನೂ, ಕಸುಬು ಅವನ ಪಾಲನ್ನೂ ತೀರ್ಮಾನಿಸಿಬಿಡುತ್ತಿತ್ತು. ಬಾಕಿಯ ಪುಸ್ತಕ ಒಬ್ಬ ಸಾಹುಕಾರನ ಕೈಯಲ್ಲೇ ಉಳಿದು, ಬಾಕಿ ಉಳಿಸಿಕೊಂಡವನಿಗೆ ಓದು ಬಾರದಿದ್ದರೆ ಅದು ಜೀತವಾಗುತ್ತಿತ್ತು. ಅಪ್ಪ ಪಡೆದ ಸಾಲಕ್ಕೆ ಮಗ ದುಡಿದ. ಕಾಯ್ದೆಯ ಮೂಲಕ ಜೀತ ನಿಷೇಧವಾಗಲು 1976 ಬರಬೇಕಾಯಿತು. ನೋಟಿಲ್ಲದ ಲೆಕ್ಕ ಎಂದ ಕೂಡಲೇ ಅದು ಒಳ್ಳೆಯದೆಂದು ತಿಳಿಯಬೇಕಾಗಿಲ್ಲ. ಪುಸ್ತಕ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇನ್ನೊಂದು ಬಗೆಯ ಪುಸ್ತಕವಿದೆ, ಕಲ್ಲಿನದು. 13ನೇ ಶತಮಾನದ ಶಾಸನಗಳಲ್ಲಿ ಭಕ್ತರು ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಇಷ್ಟು ಗದ್ಯಾಣ ಇಟ್ಟರು, ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಹಾಲು ನಡೆಯಬೇಕು ಎಂದು ಕೆತ್ತಿಸಿದ್ದಾರೆ. ಇಟ್ಟದ್ದು ಚಿನ್ನ, ಬರುವುದು ಹಾಲು. ಅಸಲು ಮುಟ್ಟುವಂತಿಲ್ಲ. ಹೊಯ್ಸಳರ ಗದ್ಯಾಣ ಅಂದಿನ ರಾಜಮುದ್ರೆಯ ನಾಣ್ಯ. ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಅಚ್ಚು ಹಾಕಿಸಿದ್ದ. ಅಂಥ ನಾಣ್ಯ ರೈತನ ಕೈಗೆ ಬರುವುದು ಎಲ್ಲೋ ಅಪರೂಪಕ್ಕೆ. ಊರಿನವರ ಕಣ್ಣಿಗೆ ದಿನವೂ ಬೀಳುತ್ತಿದ್ದುದು ಆ ನಾಣ್ಯದ ಬಡ್ಡಿಯಾಗಿ ಬೆಟ್ಟ ಹತ್ತುವ ಹಾಲು. ಲೆಕ್ಕ ಎಲ್ಲರಿಗೂ ಕಾಣುವಂತೆ ಬಂಡೆಯ ಮೇಲಿತ್ತು ಎಂಬುದನ್ನು ಗಮನಿಸಿ. ಎಂಟು ನೂರು ವರ್ಷದ ಕೆಳಗೆ ಹೀಗೆ ಹಾಲಿಗೂ ಹಣಕ್ಕೂ ಗಂಟು ಹಾಕಿದ ಸೀಮೆಯಲ್ಲಿ ಇವತ್ತಿನ ದೊಡ್ಡ ಉದ್ದಿಮೆಯೂ ಹಾಲಿನದೇ ಆಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಫಿ. ಹಾಸನ ಜಿಲ್ಲೆಯ ಪಶ್ಚಿಮದ ಬೆಳೆಗಾರರಲ್ಲಿ ಹಿರಿಯರಿದ್ದರೆ ಪೂಲ್ ಕಾಲದ ಕಥೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು, ಕಾಫಿ ಕೊಳ್ಳುವವರಿಲ್ಲದೆ ತೋಟಗಳು ನಿಂತುಹೋಗುವ ಸ್ಥಿತಿ ಬಂತು. 1942ರ ಕಾಫಿ ಮಾರುಕಟ್ಟೆ ವಿಸ್ತರಣೆ ಕಾಯ್ದೆಯಡಿ ಕಾಫಿ ಮಂಡಳಿ ಎಲ್ಲರ ಕಾಫಿಯನ್ನೂ ಒಂದೇ ರಾಶಿಗೆ ಪಡೆದು ತಾನೇ ಮಾರುವ ‘ಪೂಲ್’ ಏರ್ಪಾಡು ಗಟ್ಟಿಯಾಯಿತು. ಮನೆ ಖರ್ಚಿಗೆ, ಬೀಜಕ್ಕೆ ಇಟ್ಟುಕೊಂಡದ್ದು ಬಿಟ್ಟರೆ ಬೆಳೆಗಾರ ಒಂದು ಮೂಟೆಯನ್ನೂ ಹೊರಗೆ ಮಾರುವಂತಿರಲಿಲ್ಲ.

ಈ ಏರ್ಪಾಡಿನಲ್ಲಿ ಸ್ವಾರಸ್ಯವಿರುವುದು ಹಣ ಕೊಟ್ಟ ಬಗೆಯಲ್ಲಿ. ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಕೊಟ್ಟಾಗ ಬೆಳೆಗಾರನಿಗೆ ಪೂರ್ತಿ ಬೆಲೆ ಸಿಗುತ್ತಿರಲಿಲ್ಲ. ಅರೇಬಿಕಾವೋ ರೊಬಸ್ಟಾವೋ, ಪಾರ್ಚ್‌ಮೆಂಟೋ ಚೆರ್ರಿಯೋ, ಯಾವ ದರ್ಜೆ ಎಂದು ನೋಡಿ ಇಷ್ಟು ಪಾಯಿಂಟು ಎಂದು ಅವನ ಹೆಸರಿಗೆ ಬರೆಯುತ್ತಿದ್ದರು. ಮೊದಲ ಕಂತಾಗಿ ಒಂದಿಷ್ಟು ಹಣ. ಆಮೇಲೆ ಮಂಡಳಿ ಹರಾಜಿನಲ್ಲಿ ಮಾರುತ್ತಾ ಹೋದಂತೆ ಪಾಯಿಂಟಿಗೆ ಇಷ್ಟು ಎಂದು ಘೋಷಣೆಯಾಗುತ್ತಿತ್ತು, ಬೆಳೆಗಾರನ ಖಾತೆಗೆ ಕಂತು ಬರುತ್ತಿತ್ತು. ಒಂದು ಬೆಳೆಯ ಲೆಕ್ಕ ಮುಗಿಯುವಷ್ಟರಲ್ಲಿ ಮುಂದಿನ ಬೆಳೆಯೂ ಕೊಯ್ಲಾಗಿರುತ್ತಿತ್ತು.

ಪಾಯಿಂಟು ಹಣವಲ್ಲವೆ? ಮಾರಾಟವಾಗದ ಕಾಫಿಯ ಆಧಾರದ ಮೇಲೆ ಮಂಡಳಿ ಬರೆದುಕೊಟ್ಟ ಬಾಕಿ ಅದು. ಬೆಲೆ ಮೊದಲೇ ಗೊತ್ತಿರಲಿಲ್ಲ, ರೂಪಾಯಿಗೆ ಎಷ್ಟು ಎಂಬುದು ಮಂಡಳಿಯ ಬಾಯಿಂದ ಬರಬೇಕಿತ್ತು. ಚಿಕ್ಕ ಬೆಳೆಗಾರನಿಗೂ ದೊಡ್ಡ ಎಸ್ಟೇಟಿಗೂ ಒಂದೇ ಪಾಯಿಂಟಿಗೆ ಒಂದೇ ಬೆಲೆ, ಅದು ದೊಡ್ಡ ನ್ಯಾಯ. ಆದರೆ ಕೊಯ್ಲಿನ ಕೂಲಿ ಪಾಯಿಂಟಿನಲ್ಲಿ ಕೊಡಲಾಗುವುದಿಲ್ಲ. ಗೊಬ್ಬರದ ಅಂಗಡಿ ಪಾಯಿಂಟು ಒಪ್ಪುವುದಿಲ್ಲ. ಕಂತು ತಡವಾದಷ್ಟೂ ಬೆಳೆಗಾರ ಸಾಲಕ್ಕೆ ಕೈ ಚಾಚಬೇಕಾಯಿತು. ಹೊರಗಿನ ಬೆಲೆ ಏರಿದಾಗ ತನ್ನದೇ ಕಾಫಿಯನ್ನು ತಾನು ಮಾರಲಾಗದೆ ನೋಡುತ್ತಾ ಕೂರಬೇಕಾಯಿತು. 1990ರ ದಶಕದ ಆರಂಭದಲ್ಲಿ ಒಂದು ಪಾಲನ್ನು ಸ್ವಂತವಾಗಿ ಮಾರಬಹುದು ಎಂದಾಯಿತು, 1996ರ ಹೊತ್ತಿಗೆ ಪೂಲ್ ಪೂರ್ತಿ ಕೊನೆಗೊಂಡಿತು. ಈಗ ದರ ಬಿದ್ದಾಗಲೆಲ್ಲ ‘ಪೂಲೇ ಇದ್ದಿದ್ರೆ’ ಎನ್ನುವವರಿದ್ದಾರೆ, ದರ ಏರಿದ ವರ್ಷ ಅವರೇ ಸುಮ್ಮನಿರುತ್ತಾರೆ. ಟಿಕೆಟ್ಟಿನ ಮೂರು ಪ್ರಶ್ನೆ ಇಲ್ಲಿಗೆ ಹಾಕಿ ನೋಡಿ. ಬರೆದವರು ಗಟ್ಟಿ. ಆದರೆ ಒಪ್ಪುವವರು ಇಲ್ಲವೆನ್ನುವಷ್ಟು ಕಡಿಮೆ, ಗಡುವು ಯಾರಿಗೂ ತಿಳಿಯದು.

ಈಗ ಹಾಲು. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಶುರುವಾದದ್ದು 1974ರಲ್ಲಿ, ಹಳ್ಳಿ ಮಟ್ಟದ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಕಟ್ಟುವ ಮೂಲಕ. ಆಗ ಹುಟ್ಟಿದ ಹೈನು ಅಭಿವೃದ್ಧಿ ನಿಗಮವೇ 1984ರಲ್ಲಿ ಹಾಲು ಮಹಾಮಂಡಳಿಯಾಯಿತು. ನಮ್ಮ ಹಾಲು ಒಕ್ಕೂಟವಾದ ಹಾಮುಲ್ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಹಾಲು ಪಡೆಯುತ್ತದೆ. ಪಶು ಆಹಾರದ ಕಾರ್ಖಾನೆಯೂ ಹಾಸನದಲ್ಲಿದೆ. ಒಕ್ಕೂಟ ಅಂದರೆ ಸರ್ಕಾರದ್ದು ಎಂದು ತಿಳಿದವರು ಇನ್ನೂ ಇದ್ದಾರೆ. ಕಾಗದದ ಮೇಲೆ ಅದು ಹಾಲು ಹಾಕುವವರದು.

ಹಳ್ಳಿಯಲ್ಲಿ ಯಾರೂ ‘ಹಾಲು ಉತ್ಪಾದಕರ ಸಹಕಾರ ಸಂಘ’ ಎನ್ನುವುದಿಲ್ಲ, ‘ಡೈರಿ’ ಎನ್ನುತ್ತಾರೆ. ಬೆಳಗ್ಗೆ ಸಂಜೆ ಎರಡು ಹೊತ್ತು ಕ್ಯಾನು ಹಿಡಿದು ಸಾಲು ನಿಲ್ಲುತ್ತದೆ. ಹಾಲಿನ ತೂಕ, ಜಿಡ್ಡು, ಜಿಡ್ಡಲ್ಲದ ಘನಾಂಶ (ಎಸ್‌ಎನ್‌ಎಫ್) ನೋಡಿ ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ ಅಥವಾ ಯಂತ್ರದಿಂದ ಚೀಟಿ ಬರುತ್ತದೆ. ಆ ಹೊತ್ತಿಗೆ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. ಅದರಲ್ಲಿ ತೆಗೆದುಕೊಂಡ ಫೀಡಿನ ಮೂಟೆ, ಖನಿಜ ಮಿಶ್ರಣ, ವಿಮೆಯ ಕಂತು ಮುರಿದುಕೊಂಡು ಉಳಿದದ್ದು ಬ್ಯಾಂಕ್ ಖಾತೆಗೆ. ಎಂದರೆ ಹಸು ಕಟ್ಟಿದ ಹೆಂಗಸು ಹಾಲು ಕೊಟ್ಟು ಹಿಂಡಿ ಕೊಳ್ಳುತ್ತಾಳೆ, ನಡುವೆ ನೋಟು ಇಲ್ಲ. ಬೆಲೆ ಮಾತ್ರ ರೂಪಾಯಿಯಲ್ಲಿದೆ.

ಮುಖ್ಯವಾದದ್ದು ನಡೆಯುವುದು ಡೈರಿಯ ಬಾಗಿಲಿನಾಚೆ. ಊರಿನ ದಿನಸಿ ಅಂಗಡಿಯವನು ಆಕೆಗೆ ಸಾಲ ಕೊಡುತ್ತಾನೆ. ‘ಡೈರಿ ದುಡ್ಡು ಬಂದ್ಮೇಲೆ ಕೊಡ್ತೀನಿ ಕಣಣ್ಣ’ ಎಂದರೆ ಸಾಕು. ಅವನಿಗೆ ಆಕೆ ದಿನಕ್ಕೆ ಎಷ್ಟು ಲೀಟರು ಹಾಕುತ್ತಾಳೆಂಬುದು ಗೊತ್ತು, ಯಾವ ಹಸು ಗಬ್ಬವಾಗಿದೆ, ಯಾವುದು ಬತ್ತುತ್ತಿದೆ ಎಂಬುದೂ ಗೊತ್ತು. ಯಾವ ಬ್ಯಾಂಕ್ ಮ್ಯಾನೇಜರಿಗೂ ಇಷ್ಟು ತಿಳಿದಿರುವುದಿಲ್ಲ. ಬಟವಾಡೆಯ ದಿನ ತಪ್ಪದಿರುವವರೆಗೆ ಪಾಸ್‌ಬುಕ್ಕಿನ ಆ ಸಾಲು ಊರಿನೊಳಗೆ ದುಡ್ಡಿನಂತೆಯೇ ಓಡಾಡುತ್ತದೆ. ಹೊರದೇಶದಲ್ಲೂ ಹೀಗೆ ನಡೆದದ್ದುಂಟು: 1970ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಮೇ ತಿಂಗಳಿಂದ ನವೆಂಬರಿನವರೆಗೆ ಮುಷ್ಕರದಿಂದ ಮುಚ್ಚಿದ್ದವು. ದೇಶ ನಿಲ್ಲಲಿಲ್ಲ. ಜನ ಒಬ್ಬರಿಗೊಬ್ಬರು ಚೆಕ್ ಬರೆದುಕೊಂಡರು, ಆ ಚೆಕ್ಕುಗಳನ್ನು ಹೆಂಡದಂಗಡಿಯವರೂ ಕಿರಾಣಿ ಅಂಗಡಿಯವರೂ ಒಪ್ಪಿದರು. ಯಾರ ಚೆಕ್ ಗಟ್ಟಿ, ಯಾರದು ಟೊಳ್ಳು ಎಂಬುದು ಅವರಿಗೆ ಬ್ಯಾಂಕಿಗಿಂತ ಚೆನ್ನಾಗಿ ಗೊತ್ತಿತ್ತು. 2016ರ ನವೆಂಬರ್ 8ರಂದು 500, 1000ದ ನೋಟು ರದ್ದಾದಾಗ ನಮ್ಮ ಹಳ್ಳಿಗಳೂ ಕೆಲವು ವಾರ ಹೀಗೆಯೇ ಬದುಕಿದವು. ಅಂಗಡಿಯ ಪುಸ್ತಕ ದಪ್ಪವಾಯಿತು, ಅಷ್ಟೆ.

ಹಾಲು ಒಕ್ಕೂಟ ಗೆದ್ದದ್ದು ಹೆಚ್ಚು ಬೆಲೆ ಕೊಟ್ಟು ಎಂದು ನನಗೆ ಅನ್ನಿಸುವುದಿಲ್ಲ. ಬೆಲೆಯ ಬಗ್ಗೆ ರೈತರ ದೂರು ಸದಾ ಇದ್ದದ್ದೇ. 2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿದ್ದು, ಅದು ಮುಂದೆ 5 ರೂಪಾಯಿವರೆಗೆ ಹೋದದ್ದು ಆ ದೂರಿನ ಫಲವೇ. ಒಕ್ಕೂಟ ಗೆದ್ದದ್ದು ಗೊತ್ತಾದ ದಿನಕ್ಕೆ ಗೊತ್ತಾದ ಲೆಕ್ಕ ತೀರಿಸಿದ್ದರಿಂದ. ನಮ್ಮಲ್ಲೇ ಬೆಳೆಯುವ ಆಲೂಗಡ್ಡೆಯನ್ನು ಇದಕ್ಕೆ ಹೋಲಿಸಿ ನೋಡಿ: ಅದು ಒಂದು ವರ್ಷ ಕೈ ಹಿಡಿಯುತ್ತದೆ, ಮೂರು ವರ್ಷ ಅಂಗಮಾರಿಗೆ ಹೋಗುತ್ತದೆ. ಜಲಂಧರದಿಂದ ಬರುವ ಬಿತ್ತನೆ ಗಡ್ಡೆಯನ್ನು ಸಾಲಕ್ಕೆ ತಂದವನ ಲೆಕ್ಕ ಆ ವರ್ಷ ತೀರುವುದಿಲ್ಲ. ಹಾಲಿನ ಲೆಕ್ಕ ತೀರುತ್ತದೆ.

ಹೊಗೆಸೊಪ್ಪಿನ ಕಥೆಯೂ ಇದನ್ನೇ ಹೇಳುತ್ತದೆ, ಚುಟುಕಾಗಿ. ಅರಕಲಗೂಡು, ಹೊಳೆನರಸೀಪುರ ಕಡೆಯ ವರ್ಜೀನಿಯಾ ಬೆಳೆಗಾರ ಬ್ಯಾರನ್‌ನಲ್ಲಿ ಹದ ಮಾಡಿದ ಸೊಪ್ಪನ್ನು ವ್ಯಾಪಾರಿಯ ಕೈಗಿಟ್ಟು ಅವನು ಕೊಟ್ಟಾಗ ಇಸಿದುಕೊಳ್ಳುವ ಕಾಲವಿತ್ತು. ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ತಂದಿತು. ಈಗ ರಾಮನಾಥಪುರದ ಮಾರುಕಟ್ಟೆಗೆ ಬೇಲ್ ಹೋಗುತ್ತದೆ, ದರ ಎದುರಿಗೇ ಹರಾಜಿನಲ್ಲಿ ಗೊತ್ತಾಗುತ್ತದೆ, ಹಣ ಮಂಡಳಿಯ ಮೂಲಕ ಖಾತೆಗೆ ಬರುತ್ತದೆ. ದರಕ್ಕೆ ಪ್ರತಿ ವರ್ಷ ಜಗಳವಾಗುತ್ತದೆ. ಹಣ ಬರುತ್ತದೋ ಇಲ್ಲವೋ ಎಂಬ ಭಯ ಮಾತ್ರ ಹೋಗಿದೆ.

ಇಲ್ಲಿಂದ ಊರಿನ ಉದ್ದಿಮೆಗಳ ಕಡೆ ಬರೋಣ. ನಡುಗಾತ್ರದ ಕಂಪನಿ ಎಂದರೆ ಯಾವುದು? ಕಾನೂನಿಗೆ ಅದರದೇ ಅಳತೆಯಿದೆ. 2025ರ ಏಪ್ರಿಲ್‌ನಿಂದ ಯಂತ್ರ ಸಲಕರಣೆಗೆ 125 ಕೋಟಿವರೆಗೆ ಹೂಡಿ, ವರ್ಷಕ್ಕೆ 500 ಕೋಟಿವರೆಗೆ ವಹಿವಾಟು ಮಾಡುವುದು ಮಧ್ಯಮ ಉದ್ದಿಮೆ. ಆ ಅಳತೆಯಲ್ಲಿ ಹಾಮುಲ್ ಎಂದೋ ಮೇಲೆ ಹೋಗಿದೆ, ಹಾಸನದ ಜವಳಿ ವಲಯದಲ್ಲಿ ಹಾಸಿಗೆ ಬಟ್ಟೆ ನೇಯ್ದು ಹೊರದೇಶಕ್ಕೆ ಕಳಿಸುವ ಹಿಮತ್‌ಸಿಂಗ್ಕಾ ಕೂಡ. ನಾನು ಹೇಳುತ್ತಿರುವುದು ಇವುಗಳ ಸುತ್ತ ಬದುಕುವವರನ್ನು: ಲಾರಿ ಮಾಲೀಕರು, ರಟ್ಟಿನ ಪೆಟ್ಟಿಗೆ ಮಾಡುವವರು, ತೆಂಗಿನೆಣ್ಣೆ ಗಿರಣಿ, ಅಕ್ಕಿ ಗಿರಣಿ, ಪ್ರಿಂಟಿಂಗ್ ಪ್ರೆಸ್ಸು, ಲೇತ್ ವರ್ಕ್‌ಶಾಪು. ಜರ್ಮನಿಯ ಹರ್ಮನ್ ಸೈಮನ್ ಎಂಬ ಪ್ರಾಧ್ಯಾಪಕ ಸಣ್ಣ ಊರುಗಳಲ್ಲಿ ಕುಳಿತು ಒಂದೇ ಒಂದು ವಸ್ತುವನ್ನು ಜಗತ್ತಿಗೆಲ್ಲ ಮಾಡಿ ಕಳಿಸುವ, ಹೆಸರೇ ಕೇಳಿರದ ಕಂಪನಿಗಳನ್ನು ಹುಡುಕಿ ಬರೆದ. ಅವುಗಳ ಮಾಲೀಕ ಊರಿನವನು, ಕೆಲಸಗಾರ ಊರಿನವನು, ಬ್ಯಾಂಕೂ ಊರಿನದು. ನಮ್ಮಲ್ಲಿ ಆ ಹೋಲಿಕೆಗೆ ಹತ್ತಿರ ಬರುವುದು ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಬೆಳೆಗಾರರೇ ಕಟ್ಟಿದ್ದು. ಕಾಸರಗೋಡಿನ ಕನ್ನಡ ಬೆಳೆಗಾರರೂ ಅದರಲ್ಲಿದ್ದಾರೆ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದು ಕೋಕೋ ಬೆಳೆದವರಿಗೂ ಮಾರುಕಟ್ಟೆ ಒದಗಿಸಿತು.

ಊರಿನ ಇಂಥ ಉದ್ದಿಮೆ ಮುಳುಗುವುದು ಹೆಚ್ಚಾಗಿ ನಷ್ಟದಿಂದಲ್ಲ, ಬಾಕಿಯಿಂದ. ಸರಕು ಕಳಿಸಿಯಾಗಿದೆ, ಬಿಲ್ಲು ಹೋಗಿದೆ, ಹಣ ಬಂದಿಲ್ಲ. ಸಂಬಳ ಕೊಡುವ ದಿನ ಬಂದಿದೆ. ಓವರ್‌ಡ್ರಾಫ್ಟಿನ ಬಡ್ಡಿ ಓಡುತ್ತಿದೆ. 2006ರ ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಕಾಯ್ದೆ 45 ದಿನದೊಳಗೆ ಹಣ ಕೊಡಬೇಕು, ಇಲ್ಲದಿದ್ದರೆ ಚಕ್ರಬಡ್ಡಿ ಎಂದಿದೆ. ಹಾಗೆ ಕೊಡದಿದ್ದರೆ ಕೊಂಡವನಿಗೆ ಆ ವರ್ಷ ತೆರಿಗೆಯಲ್ಲಿ ಖರ್ಚು ತೋರಿಸಲಾಗದು ಎಂಬ ನಿಯಮವೂ 2024–25ರ ತೆರಿಗೆ ಲೆಕ್ಕದಿಂದ ಬಂದಿದೆ. ಆದರೆ ಈ ರಕ್ಷಣೆ ಇರುವುದು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ. ಮಧ್ಯಮ ಉದ್ದಿಮೆಗೆ ಇಲ್ಲ. ಅದು ಮನೆಯ ನಡುವಣ ಮಗನ ಹಾಗೆ: ಚಿಕ್ಕವನಿಗೆ ಕಾಳಜಿ, ದೊಡ್ಡವನಿಗೆ ಮರ್ಯಾದೆ, ಇವನಿಗೆ ‘ನೀನೇ ನೋಡ್ಕೊಳ್ಳಪ್ಪ’. ಸಣ್ಣವರಿಗೆ 45 ದಿನದಲ್ಲಿ ಕೊಡಬೇಕು, ದೊಡ್ಡವರಿಂದ ಬರುವಾಗ ಬರಲಿ ಎಂದು ಕಾಯಬೇಕು.

ಈ ಬಿಕ್ಕಟ್ಟನ್ನು ನೇರವಾಗಿ ಕಂಡವರು 1930ರ ದಶಕದ ಯುರೋಪಿನವರು. ಮಹಾ ಕುಸಿತದ ಕಾಲ. ಆಸ್ಟ್ರಿಯಾದ ವೋರ್ಗಲ್ ಎಂಬ ಪುಟ್ಟ ಪಟ್ಟಣದ ಮೇಯರ್ ಮೈಕೇಲ್ ಉಂಟರ್‌ಗುಗೆನ್‌ಬರ್ಗರ್ 1932ರ ಜುಲೈನಲ್ಲಿ ಪುರಸಭೆಯಿಂದಲೇ ಚೀಟಿ ಹೊರಡಿಸಿದ. ಅದನ್ನು ಕೈಯಲ್ಲಿಟ್ಟುಕೊಂಡರೆ ತಿಂಗಳಿಗೆ ನೂರಕ್ಕೆ ಒಂದರಂತೆ ಸ್ಟಾಂಪು ಕೊಂಡು ಅಂಟಿಸಬೇಕು. ಯಾರೂ ಕೂಡಿಡಲಿಲ್ಲ, ಚೀಟಿ ಕೈಯಿಂದ ಕೈಗೆ ಓಡಿತು, ರಸ್ತೆ ಆಯಿತು, ಸೇತುವೆ ಆಯಿತು, ಬಾಕಿ ತೆರಿಗೆ ವಸೂಲಾಯಿತು. ಸುತ್ತಲಿನ ಊರುಗಳೂ ಬೇಕೆಂದವು. 1933ರ ಸೆಪ್ಟೆಂಬರಿನಲ್ಲಿ ಕೇಂದ್ರ ಬ್ಯಾಂಕು ನಿಲ್ಲಿಸಿತು. ಪರ್ಯಾಯ ಹಣದ ಭಕ್ತರು ಈ ಕಥೆಯನ್ನು ಪುರಾಣದಂತೆ ಹೇಳುತ್ತಾರೆ. ಒಂದು ವರ್ಷ ಚಿಲ್ಲರೆ ಕಾಲ ನಡೆದದ್ದರಿಂದ ಹೆಚ್ಚು ಕಲಿಯಲಾಗದು ಎಂದೇ ನನ್ನ ಎಣಿಕೆ.

ಸ್ವಿಟ್ಜರ್ಲೆಂಡಿನ ‘ವಿರ್’ ಹಾಗಲ್ಲ, ಅದು ಇನ್ನೂ ಇದೆ. 1934ರ ಅಕ್ಟೋಬರಿನಲ್ಲಿ ಜ್ಯೂರಿಕ್‌ನಲ್ಲಿ ವರ್ನರ್ ಜಿಮ್ಮರ್‌ಮನ್, ಪಾಲ್ ಎಂಜ್ ಎಂಬಿಬ್ಬರು ಕೆಲವೇ ಮಂದಿಯ ಜೊತೆ ಶುರು ಮಾಡಿದ ಸಹಕಾರಿ ಅದು. ಸದಸ್ಯರು ಸಣ್ಣ, ಮಧ್ಯಮ ಉದ್ದಿಮೆಯವರು: ಮರಗೆಲಸದವರು, ಹೋಟೆಲಿನವರು, ಕಟ್ಟಡ ಕಟ್ಟುವವರು. ಒಬ್ಬ ಇನ್ನೊಬ್ಬನಿಂದ ಸರಕು ಕೊಂಡರೆ ಅವನ ಖಾತೆಯಲ್ಲಿ ಕಳೆ, ಇವನ ಖಾತೆಯಲ್ಲಿ ಕೂಡು. ಒಂದು ವಿರ್ ಒಂದು ಫ್ರಾಂಕಿಗೆ ಸಮ, ಆದರೆ ಅದನ್ನು ಫ್ರಾಂಕಿಗೆ ಬದಲಿಸಿಕೊಳ್ಳುವಂತಿಲ್ಲ. ಇನ್ನೊಬ್ಬ ಸದಸ್ಯನ ಹತ್ತಿರವೇ ಖರ್ಚು ಮಾಡಬೇಕು. ವೋರ್ಗಲ್ ಚೀಟಿಯಂತೆ ಇಟ್ಟುಕೊಂಡರೆ ಕೊಳೆಯುವ ಹಣದ ಸಿದ್ಧಾಂತವನ್ನು ಮೊದಲು ಒಪ್ಪಿದ್ದವರು 1952ರಲ್ಲಿ ಅದನ್ನು ಕೈಬಿಟ್ಟರು. ಒಂದು ಕಾಲಕ್ಕೆ ಸದಸ್ಯರ ಸಂಖ್ಯೆ 60,000ದ ಆಸುಪಾಸಿಗೆ ಏರಿ ಆಮೇಲೆ ಇಳಿಯಿತು. ಜೇಮ್ಸ್ ಸ್ಟಾಡರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ದಶಕಗಳ ಅಂಕಿಅಂಶ ನೋಡಿ ಕಂಡುಕೊಂಡದ್ದು ಇಷ್ಟು: ದೇಶದಲ್ಲಿ ವ್ಯಾಪಾರ ಬಿದ್ದಾಗ ವಿರ್ ವಹಿವಾಟು ಏರುತ್ತದೆ, ವ್ಯಾಪಾರ ಚೇತರಿಸಿದಾಗ ಇಳಿಯುತ್ತದೆ. ಫ್ರಾಂಕು ಸಿಗದ ದಿನಗಳ ಆಸರೆ ಅದು. ಒಳ್ಳೆಯ ದಿನದಲ್ಲಿ ಎಲ್ಲರಿಗೂ ಫ್ರಾಂಕೇ ಬೇಕು.

ಅದೇ 1934ರಲ್ಲಿ ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆ ಆಯಿತು. ಅದರ 31ನೇ ಕಲಮಿನ ಪ್ರಕಾರ, ಹಿಡಿದವನಿಗೆ ಕೇಳಿದ ಕೂಡಲೇ ಹಣ ಕೊಡುತ್ತೇನೆ ಎಂಬ ಪತ್ರವನ್ನು ರಿಸರ್ವ್ ಬ್ಯಾಂಕು, ಕೇಂದ್ರ ಸರ್ಕಾರ ಬಿಟ್ಟು ಬೇರೆಯವರು ಹೊರಡಿಸುವಂತಿಲ್ಲ. ಹೊಳೆನರಸೀಪುರದ ಪುರಸಭೆ ವೋರ್ಗಲ್ ಆಗಲಾರದು, ಆಗುವುದೂ ಬೇಡ. ಊರಿನದೇ ನೋಟು ಇದ್ದರೆ ಊರು ಉದ್ಧಾರ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಅರಕಲಗೂಡಿನ ನೋಟಿನಲ್ಲಿ ಡೀಸೆಲ್ ಸಿಗುತ್ತದೆಯೇ? ಜಿಎಸ್‌ಟಿ ಕಟ್ಟಲಾಗುತ್ತದೆಯೇ? 2017ರ ಜಿಎಸ್‌ಟಿ ಕಾಯ್ದೆಯಲ್ಲಿ ವಸ್ತು ವಿನಿಮಯವೂ ಸರಬರಾಜೇ. ಎಳನೀರು ಕೊಟ್ಟು ಟೈರು ತೆಗೆದುಕೊಂಡರೂ ತೆರಿಗೆಯನ್ನು ರೂಪಾಯಿಯಲ್ಲೇ ಕಟ್ಟಬೇಕು.

ಹಾಗಾದರೆ ನಮ್ಮ ಊರುಗಳಿಗೆ ಇದರಲ್ಲಿ ಏನೂ ಇಲ್ಲವೆ? ಇದೆ, ಆದರೆ ಹೊಸ ಹಣದ ರೂಪದಲ್ಲಿಲ್ಲ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದ ಪೆಟ್ಟಿಗೆ ಕಾರ್ಖಾನೆ ಹೊಳೆನರಸೀಪುರದ ಲಾರಿ ಮಾಲೀಕನಿಗೆ 1 ಲಕ್ಷ ಬಾಡಿಗೆ ಕೊಡಬೇಕು. ಲಾರಿ ಮಾಲೀಕ ಅರಕಲಗೂಡಿನ ಟೈರ್ ಅಂಗಡಿಗೆ 80 ಸಾವಿರ ಕೊಡಬೇಕು. ಟೈರ್ ಅಂಗಡಿಯವರ ಮಗಳ ಮದುವೆ ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ನಡೆದು 1 ಲಕ್ಷ 20 ಸಾವಿರ ಬಾಕಿಯಿದೆ. ಆ ಮಂಟಪದ ಒಡೆಯರಿಗೆ ತೆಂಗಿನೆಣ್ಣೆ ಗಿರಣಿಯೂ ಉಂಟು, ಎಣ್ಣೆ ಡಬ್ಬ ತುಂಬಲು ತರಿಸಿದ ಪೆಟ್ಟಿಗೆಗೆ ಹಾಸನದ ಆ ಕಾರ್ಖಾನೆಗೆ 60 ಸಾವಿರ ಕೊಡಬೇಕು. ನಾಲ್ವರೂ ‘ಅವನು ಕೊಟ್ರೆ ನಾನು ಕೊಡ್ತೀನಿ’ ಎಂದು ಕೂತಿದ್ದಾರೆ. ಒಟ್ಟು ಬಾಕಿ 3 ಲಕ್ಷ 60 ಸಾವಿರ. ನಾಲ್ವರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಎಲ್ಲರ ಬಾಕಿಯಿಂದಲೂ 60 ಸಾವಿರ ಹೊಡೆದುಹಾಕಿದರೆ ಯಾರಿಗೂ ಒಂದು ಪೈಸೆ ನಷ್ಟವಿಲ್ಲದೆ 2 ಲಕ್ಷ 40 ಸಾವಿರದ ಬಾಕಿ ಮಾಯ. ಒಂದು ನೋಟೂ ಕೈ ಬದಲಿಸಬೇಕಾಗಿಲ್ಲ, ಬ್ಯಾಂಕಿನ ಸಾಲವೂ ಬೇಡ. ಉಳಿದ 1 ಲಕ್ಷ 20 ಸಾವಿರಕ್ಕೆ ಮಾತ್ರ ರೂಪಾಯಿ ಬೇಕು.

ಇದು ಬರಿ ಕಲ್ಪನೆಯಲ್ಲ. 1991ರಲ್ಲಿ ಸ್ವತಂತ್ರವಾದ ಸ್ಲೊವೇನಿಯಾ ಎಂಬ ಪುಟ್ಟ ದೇಶದಲ್ಲಿ ಅಂದಿನಿಂದ ಸಾರ್ವಜನಿಕ ಸಂಸ್ಥೆಯೊಂದು ಇದನ್ನೇ ಮಾಡುತ್ತಾ ಬಂದಿದೆ. ಕಂಪನಿಗಳು ತಾವು ಯಾರ್‍ಯಾರಿಗೆ ಎಷ್ಟು ಕೊಡಬೇಕೆಂದು ಪಟ್ಟಿ ಕೊಡುತ್ತವೆ. ಕಂಪ್ಯೂಟರು ಆ ಪಟ್ಟಿಗಳಲ್ಲಿ ಸುತ್ತು ಬರುವ ಬಾಕಿಗಳನ್ನು ಹುಡುಕಿ ವಜಾ ಹಾಕುತ್ತದೆ. ಇಬ್ಬರ ನಡುವೆ ಕಾಣದ ಸುತ್ತು ಹತ್ತು ಜನರ ನಡುವೆ ಕಾಣುತ್ತದೆ, ಎಲ್ಲರ ಪಟ್ಟಿ ಒಂದೇ ಕಡೆ ಇದ್ದಾಗ ಮಾತ್ರ. ನಮ್ಮಲ್ಲಿ ರಿಸರ್ವ್ ಬ್ಯಾಂಕು ತಂದಿರುವ ಟ್ರೆಡ್ಸ್ ವೇದಿಕೆ ಬೇರೆ ಬಗೆಯದು. ಅಲ್ಲಿ ನಿಮ್ಮ ಬಿಲ್ಲನ್ನು ಬ್ಯಾಂಕು ಒಂದಿಷ್ಟು ಮುರಿದುಕೊಂಡು ಕೊಳ್ಳುತ್ತದೆ. ಉಪಯುಕ್ತವೇ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಅದಕ್ಕೆ ಸೇರಲೇಬೇಕೆಂಬ ಆದೇಶವೂ ಬಂದಿದೆ. ಆದರೆ ಬಾಕಿ ಅಲ್ಲಿ ಕರಗುವುದಿಲ್ಲ, ಬಡ್ಡಿಯೊಂದಿಗೆ ಕೈ ಬದಲಿಸುತ್ತದೆ.

ತೊಡಕುಗಳಿವೆ. ಇಂಥ ತೀರುವಳಿಯನ್ನು ವ್ಯವಸ್ಥೆಯಾಗಿ ನಡೆಸಹೊರಟರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ ಎದುರಾಗುತ್ತದೆ, ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಸ್ವಭಾವದ್ದು. ತನಗೆ ಯಾರು ಎಷ್ಟು ಕೊಡಬೇಕೆಂದು ಊರಿಗೆಲ್ಲ ಹೇಳುವ ವ್ಯಾಪಾರಿ, ತಾನು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಹೆಂಡತಿಗೂ ಹೇಳುವುದಿಲ್ಲ. ಪಟ್ಟಿಯನ್ನು ಯಾರ ಕೈಗೆ ಕೊಡುವುದು? ಕಾಫಿಯ ಪಾಯಿಂಟಿನಂತೆ ದೂರದ ಒಂದು ಕಚೇರಿ ಬರೆದರೆ ಬೇಗ ತೀರುವುದಿಲ್ಲ. ಸಾಹುಕಾರ ಬರೆದರೆ ಆತ ತೀರಿಸಗೊಡುವುದಿಲ್ಲ. ಈ ಸೀಮೆಯಲ್ಲಿ ಪ್ರತಿ ಹೊತ್ತು ಬರೆದು, ಪ್ರತಿ ಬಟವಾಡೆಗೂ ತೀರಿಸುವ ಅಭ್ಯಾಸ ಉಳಿಸಿಕೊಂಡಿರುವುದು ಹಾಲಿನ ಸಂಘಗಳು. ಒಕ್ಕೂಟಕ್ಕೆ ಪೆಟ್ಟಿಗೆ, ಪ್ಲಾಸ್ಟಿಕ್ಕು, ಲಾರಿ, ಮುದ್ರಣ ಒದಗಿಸುವವರ ಪಟ್ಟಿ ಈಗಾಗಲೇ ಅದರ ಕಂಪ್ಯೂಟರಿನಲ್ಲಿದೆ. ಆ ಸರಬರಾಜುದಾರರು ತಮ್ಮತಮ್ಮೊಳಗೆ ಎಷ್ಟು ಬಾಕಿ ಇಟ್ಟುಕೊಂಡಿದ್ದಾರೆಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ, ಇಷ್ಟವಿದ್ದವರಿಂದ ಮಾತ್ರ, ಮುಚ್ಚಿದ ಲಕೋಟೆಯಲ್ಲಿ ಪಡೆದು, ಹಾಸನದ ಕಾಲೇಜುಗಳ ಕಾಮರ್ಸ್ ವಿಭಾಗದ ಮಕ್ಕಳಿಂದಲೇ ಸುತ್ತು ಹುಡುಕಿಸಿ, ಬಂದ ಫಲವನ್ನು ಸಂಬಂಧಪಟ್ಟವರಿಗೆ ಮಾತ್ರ ತಿಳಿಸಿದರೆ ಯಾರ ಅಪ್ಪಣೆಯೂ ಬೇಕಾಗಲಾರದು ಎಂದು ನನ್ನ ಎಣಿಕೆ. ವಜಾ ಹಾಕಿಕೊಳ್ಳುವುದು ಬಿಡುವುದು ಆಮೇಲೆ ಅವರವರ ಒಪ್ಪಂದ. ಮೊದಲ ಸಲಕ್ಕೆ ಇಪ್ಪತ್ತು ಜನ ಪಟ್ಟಿ ಕೊಟ್ಟರೂ ಎಷ್ಟು ಸುತ್ತು ಸಿಗುತ್ತವೆ ನೋಡಬಹುದು.